ಕಂಪೆನಿ ದುಡ್ಡು ಊರಿಗೆ ಬಂದಾಗ ಕೇಳಬೇಕಾದ ಮೂರು ಮಾತು

ನಮ್ಮೂರ ಗೋಮಾಳದ ಅಂಚಿನಲ್ಲಿ ಒಂದು ತಗಡಿನ ಬೋರ್ಡು ನಿಂತಿದೆ. ಕಂಪೆನಿಯೊಂದು ಸಸಿ ನೆಟ್ಟ ಗುರುತು ಅದು. ಮಳೆಗಾಲದಲ್ಲಿ ಬಂದರು, ನೆಟ್ಟರು, ಫೋಟೋ ತೆಗೆಸಿಕೊಂಡು ಹೋದರು. ಶಿವರಾತ್ರಿ ಹೊತ್ತಿಗೆ ಆಡು ಕುರಿ ತಿಂದದ್ದು ತಿಂದು, ಒಣಗಿದ್ದು ಒಣಗಿ, ಬೋರ್ಡೊಂದೇ ಉಳೀತು. ತಪ್ಪು ಅವರದೊಂದೇ ಅಲ್ಲ. ಬೇಸಿಗೆಯಲ್ಲಿ ನೀರು ಹಾಕೋರು ಯಾರು, ಕಾಯೋರು ಯಾರು ಅಂತ ನಾವೂ ಕೇಳಲಿಲ್ಲ. ಪುಕ್ಕಟೆ ಬಂದದ್ದಲ್ವಾ ಅಂತ ಸುಮ್ಮನಿದ್ದೆವು.

ಇದು ದಾನವಲ್ಲ, ಕಾಯಿದೆ ಅಂತ ಆಮೇಲೆ ತಿಳಿದವರಿಂದ ಗೊತ್ತಾಯ್ತು. 2013ರ ಕಂಪೆನಿ ಕಾಯಿದೆಯ 135ನೇ ಕಲಂ 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. ನಿವ್ವಳ ಆಸ್ತಿ 500 ಕೋಟಿ, ಇಲ್ಲವೇ ವಹಿವಾಟು 1000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ ರೂಪಾಯಿ ಎಂಬ ಗಡಿಗಳನ್ನು ಅದರಲ್ಲಿ ಹಾಕಿದರು. ಒಂದನ್ನು ಮುಟ್ಟಿದರೂ ಸಾಕು, ಆ ಕಂಪೆನಿ ಹಿಂದಿನ 3 ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ 2 ರೂಪಾಯಿ ಸಮಾಜದ ಕೆಲಸಕ್ಕೆ ಹಾಕಬೇಕು. ತಾನು ಕೆಲಸ ಮಾಡುವ ಸುತ್ತಿನ ಊರುಗಳಿಗೆ ಆದ್ಯತೆ ಕೊಡಬೇಕು. ಇದಕ್ಕೇ ಸಿ.ಎಸ್.ಆರ್. ಅನ್ನೋದು. ಹಾಗಂತ ನಮ್ಮೂರಿಗೇ ಕೊಡಿ ಅಂತ ಹಟ ಹಿಡಿಯೋಕೆ ಬರೋದಿಲ್ಲ, ತೀರ್ಮಾನ ಕಂಪೆನಿಯ ಮಂಡಳಿಯದು. ಆದರೆ ಬಂದವರನ್ನು ಕೇಳೋಕೆ ನಮಗೆ ಬಾಯಿದೆ.

ಒಂದು, ಎಷ್ಟು ವರ್ಷದ ಕೆಲಸ? ಶುರುವಾದ ವರ್ಷ ಬಿಟ್ಟು ಮತ್ತೆ 3 ವರ್ಷದವರೆಗೆ ನಡೆಸೋಕೆ ನಿಯಮದಲ್ಲೇ ಅವಕಾಶವಿದೆ. ಸಸಿಗೆ ಬೇಕಾದ್ದೂ ಅದೇ. ನೆಡುವ ಖರ್ಚಿನ ಜೊತೆ ಬೇಲಿ, ಎರಡು ಬೇಸಿಗೆಯ ನೀರು, ಕಾಯೋನ ಕೂಲಿ ಎಲ್ಲಾ ಬರೆಸಿಕೊಳ್ಳಿ. ಅಷ್ಟು ದುಡ್ಡಿಲ್ಲ ಅಂದ್ರೆ ಸಾವಿರದ ಬದಲು ಇನ್ನೂರೇ ಸಸಿ ಸಾಕು.

ಎರಡು, ಆಸ್ತಿ ಯಾರ ಹೆಸರಿಗೆ? 2021ರ ಜನವರಿಯಲ್ಲಿ ಆದ ತಿದ್ದುಪಡಿ ಪ್ರಕಾರ ಈ ದುಡ್ಡಲ್ಲಿ ಕಟ್ಟಿದ್ದು, ಕೊಂಡದ್ದು ಕಂಪೆನಿಯ ಹೆಸರಲ್ಲಿರುವಂತಿಲ್ಲ. ಸರ್ಕಾರದ ಸಂಸ್ಥೆಯದಾಗಬಹುದು, ನೋಂದಾಯಿತ ಟ್ರಸ್ಟಿನದಾಗಬಹುದು, ಅದನ್ನು ಬಳಸುವವರ ಸ್ವಸಹಾಯ ಸಂಘದ್ದೂ ಆಗಬಹುದು. ನೀರಿನ ಘಟಕದ ಮೋಟಾರು ಸುಟ್ಟಾಗ ರಿಪೇರಿ ಯಾರದು ಅನ್ನೋ ಜಗಳ ಬರೋದು ಇದನ್ನು ಮೊದಲೇ ಬಗೆಹರಿಸದೆ ಇದ್ದಾಗ. ಸಂಘದ ಹೆಸರಿಗಾದರೆ ರಿಪೇರಿಗೆ ಅಂತ ತಿಂಗಳಿಗಿಷ್ಟು ವಂತಿಗೆ ಎತ್ತಿಡಿ.

ಮೂರು, ಆಮೇಲೆ ನೋಡೋರು ಯಾರು? ವರ್ಷಕ್ಕೆ ಸರಾಸರಿ 10 ಕೋಟಿ ಇಲ್ಲವೇ ಅದಕ್ಕೂ ಹೆಚ್ಚು ಹೊಣೆಯಿರುವ ಕಂಪೆನಿಗಳು, 1 ಕೋಟಿ ಇಲ್ಲವೇ ಅದಕ್ಕೂ ಹೆಚ್ಚಿನ ಕೆಲಸಗಳ ಫಲವನ್ನು ಹೊರಗಿನವರಿಂದ ಪರೀಕ್ಷೆ ಮಾಡಿಸಬೇಕು. ನಮ್ಮೂರಿಗೆ ಬರುವ ಸಣ್ಣ ಕೆಲಸಕ್ಕೆ ಆ ಕಡ್ಡಾಯ ಇಲ್ಲ. ಹಾಗಾಗಿ ನಾವೇ ಒಂದು ನೋಟ್‌ಬುಕ್ ಇಡಬೇಕು. ಯುಗಾದಿಗೊಮ್ಮೆ ಬದುಕಿರೋ ಸಸಿ ಎಣಿಸಿ ಬರೆದು, ಪಂಚಾಯ್ತಿಗೊಂದು ಪ್ರತಿ, ಕಂಪೆನಿಗೊಂದು ಪ್ರತಿ ಕಳಿಸಬೇಕು.

ಇದಕ್ಕೆಲ್ಲಾ ಮೊದಲು, ಊರಿಗೆ ಏನು ಬೇಕು ಅನ್ನೋದು ಗ್ರಾಮಸಭೆಯಲ್ಲಿ ತೀರ್ಮಾನವಾಗಿರಲಿ. ನಮಗೆ ಬೇಕಾಗಿದ್ದದ್ದು ಕೆರೆ ಹೂಳು ತೆಗೆಸೋದು. ಕೆರೆಯಲ್ಲಿ ನೀರು ನಿಲ್ತಿತ್ತು, ಗೋಡು ಹೊಲಕ್ಕೆ ಗೊಬ್ಬರವಾಗ್ತಿತ್ತು. ಹೇಳಲಿಲ್ಲ, ಸಸಿ ಬಂತು. ಇನ್ನೊಮ್ಮೆ ಯಾರಾದರೂ ಬಂದರೆ ಮೊದಲು ಕೆರೆ ಏರಿ ಮೇಲೆ ಕರೆದುಕೊಂಡು ಹೋಗ್ತೇವೆ.