ಬಿಸಿ ಎಲ್ಲಿ ಹೋಯ್ತು?

ಜೋಳದ ರಾಶಿ ಆಯ್ತು. ನಿನ್ನೆ ಕಣದ ತುಂಬ ಕಾಳಿತ್ತು. ಇವತ್ತು ಕಣ ಖಾಲಿ. ಬೆಳೆಯೇ ಬರಲಿಲ್ಲ ಅಂತ ಯಾರಾದರೂ ಹೇಳುತ್ತಾರೆಯೇ? ಇಲ್ಲ. ಕಾಳು ನೆಲದೊಳಗಿನ ಹಗೇವಿಗೆ ಹೋಗಿದೆ ಅಂತ ನಿಮಗೆ ಗೊತ್ತು. ಭೂಮಿಯ ಬಿಸಿಗೂ ಇಂಥದೇ ಒಂದು ಹಗೇವು ಇದೆ. ಅದೇ ಸಮುದ್ರ.

ಭೂಮಿ ಏಕೆ ಬಿಸಿಯಾಗುತ್ತಿದೆ?

ನಾವು ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಡುತ್ತೇವೆ. ಆ ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡ್ ಎಂಬ ಅನಿಲ ಇರುತ್ತದೆ. ಅದು ಕಂಬಳಿಯ ಹಾಗೆ ಶಾಖವನ್ನು ಹೊರಗೆ ಬಿಡದೆ ತಡೆಯುತ್ತದೆ. ಹೀಗೆ ಉಳಿದ ಹೆಚ್ಚಿನ ಶಾಖದಲ್ಲಿ ನೂರಕ್ಕೆ ಸುಮಾರು 90 ಪಾಲು ಸಮುದ್ರದ ನೀರಿಗೆ ಸೇರುತ್ತದೆ. ನಮ್ಮ ಮೈಗೆ ತಾಗುವ ಗಾಳಿಗೆ ಸೇರುವುದು ಬಹಳ ಸ್ವಲ್ಪ.

1998ರ ನಂತರ ಏನಾಯ್ತು?

1998ರಲ್ಲಿ ಭೂಮಿಯ ಮೇಲ್ಮೈ ಬಹಳ ಬಿಸಿಯಾಗಿತ್ತು. ಅಲ್ಲಿಂದ 2012ರವರೆಗೆ ಬಿಸಿ ಏರುವ ವೇಗ ತಗ್ಗಿತು. "ಭೂಮಿ ಬಿಸಿಯಾಗುವುದು ನಿಂತೇ ಹೋಯ್ತು" ಅಂತ ಕೆಲವರು ಹೇಳತೊಡಗಿದರು. ಆದರೆ ಹೊಗೆ ಕಡಿಮೆ ಆಗಿರಲಿಲ್ಲ. ಹಾಗಾದರೆ ಬಿಸಿ ಎಲ್ಲಿ ಹೋಯ್ತು?

ಉತ್ತರ ಮುಖ್ಯವಾಗಿ ಶಾಂತಸಾಗರದಲ್ಲಿದೆ. ಇದು ಲೋಕದ ಅತಿ ದೊಡ್ಡ ಸಮುದ್ರ. ಅಲ್ಲಿ ದಕ್ಷಿಣ ಅಮೆರಿಕದ ಕಡೆಯಿಂದ ಇಂಡೋನೇಷ್ಯಾ ಕಡೆಗೆ, ಅಂದರೆ ಪೂರ್ವದಿಂದ ಪಶ್ಚಿಮಕ್ಕೆ, ಗಾಳಿ ಬೀಸುತ್ತದೆ. ಕೆರೆಯ ಮೇಲೆ ಗಾಳಿ ಬೀಸಿದರೆ ತೇಲುವ ಪಾಚಿ ಒಂದೇ ದಡಕ್ಕೆ ಸೇರುತ್ತದೆ, ನೋಡಿದ್ದೀರಲ್ಲ? ಹಾಗೆಯೇ ಮೇಲಿನ ಬಿಸಿ ನೀರು ಪಶ್ಚಿಮಕ್ಕೆ ಹೋಗಿ ಸೇರುತ್ತದೆ. ಅಲ್ಲಿ ಆಳಕ್ಕೂ ಇಳಿಯುತ್ತದೆ. ಪೂರ್ವದಲ್ಲಿ ಕೆಳಗಿನ ತಣ್ಣನೆ ನೀರು ಮೇಲೆ ಬಂದು ಗಾಳಿಯನ್ನು ತಂಪು ಮಾಡುತ್ತದೆ. ಆ ವರ್ಷಗಳಲ್ಲಿ ಈ ಗಾಳಿ ಮಾಮೂಲಿಗಿಂತ ಜೋರಾಗಿತ್ತು. ಹಾಗಾಗಿ ಹೆಚ್ಚು ಶಾಖ ಆಳಕ್ಕೆ ಹೋಯ್ತು.

ಇದು ಹೇಗೆ ತಿಳಿಯಿತು?

ಆರ್ಗೋ ಎಂಬ ತೇಲುವ ಯಂತ್ರಗಳನ್ನು ಹಲವು ದೇಶಗಳು ಸಮುದ್ರಕ್ಕೆ ಬಿಟ್ಟಿವೆ. ಭಾರತವೂ ಬಿಟ್ಟಿದೆ. 2007ರಲ್ಲಿ ಇವುಗಳ ಸಂಖ್ಯೆ 3,000 ಮುಟ್ಟಿತು. ಇವು 2,000 ಮೀಟರ್ ಆಳಕ್ಕೆ ಮುಳುಗಿ, 10 ದಿನಕ್ಕೊಮ್ಮೆ ಮೇಲೆ ಬರುತ್ತವೆ. ಬರುವಾಗ ನೀರಿನ ಬಿಸಿ ಅಳೆಯುತ್ತವೆ. ಆ ವರ್ಷಗಳಲ್ಲೂ ಸಮುದ್ರಕ್ಕೆ ಶಾಖ ಸೇರುತ್ತಲೇ ಇತ್ತು ಅಂತ ಈ ಅಳತೆಗಳು ತೋರಿಸಿದವು. ಸಮುದ್ರದ ಮಟ್ಟವೂ ವರ್ಷಕ್ಕೆ ಸುಮಾರು 3 ಮಿಲಿಮೀಟರ್ ಏರುತ್ತಿತ್ತು. ಏಕೆಂದರೆ ನೀರು ಬಿಸಿಯಾದರೆ ಉಬ್ಬುತ್ತದೆ. ಹಿಮ ಕರಗಿದ ನೀರೂ ಬಂದು ಸೇರುತ್ತದೆ.

ಆಮೇಲೆ ಏನಾಯ್ತು?

ಗಾಳಿ ಸದಾ ಜೋರಾಗಿರುವುದಿಲ್ಲ. ಅದು ಸಡಿಲಾದಾಗ ಬಿಸಿ ನೀರು ಮತ್ತೆ ಪೂರ್ವಕ್ಕೆ ಹರಡುತ್ತದೆ. ಇದಕ್ಕೆ ಎಲ್ ನಿನೋ ಅಂತ ಹೆಸರು. 1998ರಲ್ಲಿ ಬಿಸಿ ಅಷ್ಟು ಏರಲು ಮುಖ್ಯ ಕಾರಣ ಇದೇ. 2015ರಲ್ಲಿ ಮತ್ತೊಂದು ದೊಡ್ಡ ಎಲ್ ನಿನೋ ಬಂತು. ಆ ವರ್ಷ ಭಾರತದ ಮುಂಗಾರು ಮಳೆ ನೂರಕ್ಕೆ 14 ಪಾಲು ಕಡಿಮೆಯಾಯ್ತು. 2015 ಮತ್ತು 2016, ಎರಡೂ ವರ್ಷ ಬಿಸಿಯ ಹಳೆಯ ದಾಖಲೆ ಮುರಿಯಿತು. 2024 ಅದನ್ನೂ ಮೀರಿಸಿತು.

ಆದ್ದರಿಂದ ಒಂದು ವರ್ಷ ತಂಪಾಗಿತ್ತು, ಹತ್ತು ವರ್ಷ ಬಿಸಿ ನಿಧಾನವಾಯ್ತು ಅಂತ ನೆಮ್ಮದಿಯಾಗಿ ಕೂರಬೇಡಿ. ಮೂವತ್ತು, ನಲವತ್ತು ವರ್ಷದ ಲೆಕ್ಕ ನೋಡಿ. ಸಮುದ್ರದೊಳಗಿನ ಲೆಕ್ಕವನ್ನೂ ಕೇಳಿ. ನಾವು ಹೊಗೆ ಬಿಡುವುದನ್ನು ಕಡಿಮೆ ಮಾಡದಿದ್ದರೆ ಆ ಹಗೇವು ತುಂಬುತ್ತಲೇ ಇರುತ್ತದೆ.

ಕೇಂದ್ರದಲ್ಲಿ ಚರ್ಚಿಸಿ:
1. ಶಾಂತಸಾಗರದ ಗಾಳಿ ಜೋರಾದರೆ ಬಿಸಿ ನೀರು ಎಲ್ಲಿಗೆ ಹೋಗುತ್ತದೆ?
2. 2015ರಲ್ಲಿ ನಿಮ್ಮ ಊರಿನಲ್ಲಿ ಮಳೆ, ಬೆಳೆ ಹೇಗಿತ್ತು? ಹಿರಿಯರನ್ನು ಕೇಳಿ ಬರೆಯಿರಿ.