ಅದಿತಿ ಆಡಿದ ಅಂಗಳ: ಜಪಾನಿನ ಕಸುಮಿಗಸೆಕಿ

ನಮ್ಮೂರು ಬಿಳಿಚೋಡಿನ ಸುತ್ತಮುತ್ತ ಗಾಲ್ಫ್ ಮೈದಾನವಿಲ್ಲ. ಇಲ್ಲಿನ ಮಕ್ಕಳಿಗೆ ಆಟವೆಂದರೆ ಕಬಡ್ಡಿ, ಕೊಕ್ಕೊ, ಕ್ರಿಕೆಟ್. ಆದರೆ 2021ರ ಆಗಸ್ಟ್ 7ರ ಬೆಳಗ್ಗೆ ಬೆಂಗಳೂರಿನ ಅದಿತಿ ಅಶೋಕ್ ಒಲಿಂಪಿಕ್ಸ್ ಪದಕದ ಸಮೀಪ ಬಂದಾಗ, ಗಾಲ್ಫ್ ಗೊತ್ತಿಲ್ಲದವರೂ ಟಿ.ವಿ. ಮುಂದೆ ಕೂತರು. ಅಂದು ಕಂಡ ಹಸಿರು ಅಂಗಳವೇ ಟೋಕಿಯೊ ಸಮೀಪ, ಸೈತಾಮ ಪ್ರಾಂತ್ಯದ ಕವಗೊಎಯಲ್ಲಿರುವ ಕಸುಮಿಗಸೆಕಿ ಕಂಟ್ರಿ ಕ್ಲಬ್.

ಜಪಾನಿನಲ್ಲಿ ಬೆಟ್ಟಗುಡ್ಡವೇ ಹೆಚ್ಚು. ಇರುವಷ್ಟು ಸಮತಟ್ಟು ನೆಲ ಭತ್ತದ ಗದ್ದೆಗೂ ಊರುಕೇರಿಗೂ ಬೇಕು. ಹಾಗಾಗಿ ಗಾಲ್ಫ್ ಅಲ್ಲಿ ಗುಡ್ಡ ಹತ್ತಿತು. ಕೋಬೆ ನಗರದ ಬೆನ್ನಿಗಿರುವ ರೊಕ್ಕೊ ಬೆಟ್ಟದ ಮೇಲೆ ಇಂಗ್ಲೆಂಡಿನ ವ್ಯಾಪಾರಿ ಆರ್ಥರ್ ಗ್ರೂಮ್ 1901ರಲ್ಲಿ ನಾಲ್ಕು ಕುಳಿಗಳ ಅಂಗಳ ಮಾಡಿದ್ದೇ ದೇಶದ ಮೊದಲ ಗಾಲ್ಫ್ ಮೈದಾನ. ಕಸುಮಿಗಸೆಕಿ ಶುರುವಾದದ್ದು 1929ರಲ್ಲಿ. ರೊಕ್ಕೊದ ಕಡಿದಾದ ಏರು ಇಲ್ಲಿಲ್ಲ; ಮರಗಳ ನಡುವೆ ಏರುತ್ತ ಇಳಿಯುತ್ತ ಸಾಗುವ ನೆಲ. ಕಿನ್ಯಾ ಫುಜಿತಾ ರೂಪಿಸಿದ ಪೂರ್ವ ಅಂಗಳವನ್ನು ಒಂದೆರಡು ವರ್ಷಗಳಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಅಲಿಸನ್ ತಿದ್ದಿದರು. ಅವರು ತೋಡಿಸಿದ ಆಳದ ಮರಳುಗುಂಡಿಗಳಿಗೆ ಜಪಾನಿನಲ್ಲಿ ಅವರದೇ ಹೆಸರು ನಿಂತಿದೆ.

ಇಲ್ಲಿ ಹಿಂದೆ ಒಂದೊಂದು ಕುಳಿಗೆ ಎರಡೆರಡು ಗ್ರೀನ್, ಅಂದರೆ ಚೆಂಡನ್ನು ಕುಳಿಗೆ ಉರುಳಿಸುವ ನುಣುಪು ಹುಲ್ಲುಹಾಸು, ಇದ್ದವು. ಬೇಸಿಗೆಯ ಧಗೆ ತಾಳುವ ಕೊರಾಯ್ ಹುಲ್ಲು ಚಳಿಗೆ ಒಣಗುತ್ತದೆ. ಚಳಿ ತಾಳುವ ಬೆಂಟ್ ಹುಲ್ಲಿಗೆ ಬಿಸಿಲಾಗದು. ಅದಕ್ಕೇ ಎರಡನ್ನೂ ಅಕ್ಕಪಕ್ಕ ಬೆಳೆಸಿ, ಕಾಲ ನೋಡಿ ಆಡಿಸುತ್ತಿದ್ದರು. ಒಲಿಂಪಿಕ್ಸ್‌ಗೆ ಮುನ್ನ ಅಮೆರಿಕದ ಟಾಮ್ ಫಾಜಿಯೊ ಮತ್ತು ಮಗ ಲೋಗನ್ ಅಂಗಳವನ್ನು ಹೊಸದಾಗಿ ಕಟ್ಟಿ, ಕುಳಿಗೊಂದೇ ಗ್ರೀನ್ ಉಳಿಸಿದರು.

ಇಂಥ ನೆಲದಲ್ಲಿ ತೋಳ್ಬಲವೊಂದೇ ಸಾಲದು. ಇಳಿಜಾರಿನಲ್ಲಿ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಊರಿ ಹೊಡೆಯಬೇಕು. ಗ್ರೀನ್ ಮೇಲೆ ಕುಕ್ಕರಗಾಲಲ್ಲಿ ಕೂತು, ಚೆಂಡು ಎತ್ತ ವಾಲೀತು ಎಂದು ಮೊದಲೇ ಅಂದಾಜು ಕಟ್ಟಬೇಕು. ಅದಿತಿ ದೂರ ಹೊಡೆಯುವವರಲ್ಲ. ಅವರ ಶಕ್ತಿ ಈ ಅಂದಾಜಿನಲ್ಲಿದೆ. ಅಮ್ಮನೇ ಕೋಲುಗಳ ಚೀಲ ಹೊರುವ ಕ್ಯಾಡಿಯಾಗಿ ಜೊತೆಗಿದ್ದರು. ನಾಲ್ಕು ದಿನ 67, 66, 68, 68. ಒಟ್ಟು 269 ಹೊಡೆತ. ಕಂಚು ಗೆದ್ದ ನ್ಯೂಜಿಲೆಂಡಿನ ಲಿಡಿಯಾ ಕೊ ಅವರದು 268. ಒಂದೇ ಹೊಡೆತ ಹೆಚ್ಚಾದದ್ದರಿಂದ ಪದಕ ತಪ್ಪಿ ನಾಲ್ಕನೇ ಸ್ಥಾನ ಬಂತು.

ಇದೇ ಕ್ಲಬ್ಬಿನಲ್ಲಿ 2017ರವರೆಗೆ ಮಹಿಳೆಯರಿಗೆ ಪೂರ್ಣ ಸದಸ್ಯತ್ವ ಇರಲಿಲ್ಲ. ಭಾನುವಾರ ಆಡುವಂತೆಯೂ ಇರಲಿಲ್ಲ. ಒಲಿಂಪಿಕ್ ಸಮಿತಿ ಪಟ್ಟು ಹಿಡಿದ ಮೇಲೆ ಆ ವರ್ಷದ ಮಾರ್ಚ್‌ನಲ್ಲಿ ನಿಯಮ ಬದಲಾಯಿತು. ಅದಿತಿಗೆ ಗಾಲ್ಫ್ ದಕ್ಕಿದ್ದೂ ಬಾಗಿಲು ತೆರೆದಿದ್ದರಿಂದಲೇ. ಗಾಲ್ಫ್ ಆಡಿ ಗೊತ್ತಿಲ್ಲದ ಅಪ್ಪ-ಅಮ್ಮನ ಜೊತೆ ಐದರ ಎಳೆ ವಯಸ್ಸಿನಲ್ಲಿ ಅವರು ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಅಭ್ಯಾಸದ ಅಂಗಳಕ್ಕೆ ಹೋಗಿ ಕೋಲು ಹಿಡಿದರು. ಎಂಥ ಚೆಂದದ ಅಂಗಳವಾದರೂ, ಆಡಲು ಬರುವ ಮಗುವನ್ನು ಒಳಗೆ ಬಿಟ್ಟುಕೊಂಡಾಗಲೇ ಅದಕ್ಕೆ ಬೆಲೆ.