ಕಡ್ಡಾಯ ಶಿಕ್ಷೆ: ಮಗುವಿನ ಮುಖ ನೋಡದ ಕಾನೂನು



ಊರಿನಲ್ಲಿ ಕಳ್ಳತನ ಹೆಚ್ಚಾದಾಗ, ಅದರಲ್ಲೂ ಎಳೆಯ ಹುಡುಗರು ಸಿಕ್ಕಿಬಿದ್ದಾಗ, "ಇವರನ್ನು ಸುಮ್ಮನೆ ಬಿಡಬಾರದು, ಕಾನೂನು ಇನ್ನೂ ಬಿಗಿಯಾಗಬೇಕು" ಎಂಬ ಮಾತು ನಮ್ಮೆಲ್ಲರ ಬಾಯಲ್ಲೂ ಬರುತ್ತದೆ. ಕಳಕೊಂಡವರ ಸಂಕಟ ಸಣ್ಣದಲ್ಲ, ಅವರ ಸಿಟ್ಟಿನಲ್ಲಿ ತಪ್ಪೂ ಇಲ್ಲ. ಆದರೆ ಆ ಸಿಟ್ಟೇ ಕಾನೂನಾಗಿ ಬಂದರೆ ಏನಾಗುತ್ತದೆ? ಆಸ್ಟ್ರೇಲಿಯದ ನಾರ್ದರ್ನ್ ಟೆರಿಟರಿಯಲ್ಲಿ ನಡೆದದ್ದನ್ನು ಈ ದೃಷ್ಟಿಯಿಂದ ನಾವು ತಿಳಿದುಕೊಳ್ಳಬೇಕು.

ಸಾಮಾನ್ಯವಾಗಿ ಕಾನೂನು ಶಿಕ್ಷೆಯ ಗರಿಷ್ಠ ಮಿತಿಯನ್ನು ಹೇಳುತ್ತದೆ. ಅದರೊಳಗೆ ಎಷ್ಟು ಕೊಡಬೇಕೆಂಬುದನ್ನು ತಪ್ಪಿತಸ್ಥನ ವಯಸ್ಸು, ಮನೆಯ ಸ್ಥಿತಿ, ಕೃತ್ಯದ ಗಾತ್ರ ನೋಡಿ ನ್ಯಾಯಾಧೀಶರು ನಿರ್ಧರಿಸುತ್ತಾರೆ. ಕಡ್ಡಾಯ ಶಿಕ್ಷೆಯಲ್ಲಿ ಹಾಗಿಲ್ಲ. ಇಂಥ ತಪ್ಪಿಗೆ ಕನಿಷ್ಠ ಇಷ್ಟು ದಿನ ಬಂಧನ ಎಂದು ಮೊದಲೇ ಬರೆದಿಟ್ಟಿರುತ್ತದೆ. ನ್ಯಾಯಾಧೀಶರಿಗೆ ಮನಸ್ಸಿದ್ದರೂ ಕಡಿಮೆ ಮಾಡಲಾಗದು.

ನಾರ್ದರ್ನ್ ಟೆರಿಟರಿಯಲ್ಲಿ 1997ರ ಮಾರ್ಚಿನಲ್ಲಿ ಕಳ್ಳತನ, ಮನೆಗೆ ನುಗ್ಗುವುದು ಮುಂತಾದ ಆಸ್ತಿ ಸಂಬಂಧಿ ಅಪರಾಧಗಳಿಗೆ ಇಂಥ ಕಾನೂನು ಜಾರಿಗೆ ಬಂತು. 17 ವರ್ಷ ದಾಟಿದವರನ್ನು ವಯಸ್ಕರೆಂದೇ ಎಣಿಸಿ, ಮೊದಲ ತಪ್ಪಿಗೆ 14 ದಿನ, ಎರಡನೆಯದಕ್ಕೆ 90 ದಿನ, ಮೂರನೆಯದಕ್ಕೆ ಒಂದು ವರ್ಷ ಜೈಲು ಎಂದು ವಿಧಿಸಲಾಯಿತು. 15 ಮತ್ತು 16ರ ವಯಸ್ಸಿನವರು ಎರಡನೆಯ ಬಾರಿ ತಪ್ಪಿತಸ್ಥರಾದರೆ ಕನಿಷ್ಠ 28 ದಿನ ಬಂಧನ.

2000ದ ಫೆಬ್ರವರಿಯಲ್ಲಿ ಇದರ ಫಲ ಇಡೀ ದೇಶದ ಕಣ್ಣಿಗೆ ಬಿತ್ತು. ಗ್ರೂಟ್ ಐಲಾಂಡ್ ಎಂಬ ದ್ವೀಪದ 15 ವರ್ಷದ ಮೂಲನಿವಾಸಿ ಹುಡುಗನೊಬ್ಬ ಪೆನ್ನು, ಪೆನ್ಸಿಲ್, ಬಣ್ಣ ಮುಂತಾದವನ್ನು ಕದ್ದಿದ್ದ. ಎಲ್ಲದರ ಬೆಲೆ 100 ಡಾಲರಿಗೂ ಕಡಿಮೆ. 28 ದಿನಗಳ ಶಿಕ್ಷೆಗಾಗಿ ಅವನನ್ನು ಊರಿನಿಂದ ನೂರಾರು ಕಿಲೋಮೀಟರ್ ದೂರದ ಡಾರ್ವಿನ್ ನಗರದ ಡಾನ್ ಡೇಲ್ ಬಾಲಬಂಧನ ಕೇಂದ್ರಕ್ಕೆ ಸೇರಿಸಲಾಯಿತು. ಬಿಡುಗಡೆಗೆ ಕೆಲವೇ ದಿನ ಉಳಿದಿರುವಾಗ ಅವನು ತನ್ನ ಜೀವವನ್ನು ತಾನೇ ಕಳೆದುಕೊಂಡ. ಅದೇ ತಿಂಗಳಲ್ಲಿ ಅದೇ ದ್ವೀಪದ 21ರ ಯುವಕನಿಗೆ ಒಂದು ವರ್ಷ ಜೈಲಾಯಿತು. 1998ರ ಕ್ರಿಸ್ಮಸ್ ದಿನ ಅವನು ಕದ್ದದ್ದು 23 ಡಾಲರ್ ಬೆಲೆಯ ಬಿಸ್ಕತ್ತು ಮತ್ತು ಪಾನೀಯ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಕಾನೂನಿನ ಪಠ್ಯದಲ್ಲಿ ಯಾವ ಜನಾಂಗದ ಹೆಸರೂ ಇರಲಿಲ್ಲ. ಆದರೆ ಲೆಕ್ಕಪತ್ರ ತಿದ್ದಿ ವಂಚಿಸುವವರಿಗೆ ಈ ಕಡ್ಡಾಯ ಶಿಕ್ಷೆ ಅನ್ವಯಿಸುತ್ತಿರಲಿಲ್ಲ, ಬಡವರು ಮಾಡುವ ಸಣ್ಣ ಕಳ್ಳತನಕ್ಕೆ ಅನ್ವಯಿಸುತ್ತಿತ್ತು. ಹೀಗಾಗಿ ಅದರ ಭಾರ ಮುಖ್ಯವಾಗಿ ಮೂಲನಿವಾಸಿಗಳ ಮೇಲೆಯೇ ಬಿತ್ತು. ಎಲ್ಲರಿಗೂ ಒಂದೇ ಅಳತೆ ಎಂಬುದು ಹೊರನೋಟಕ್ಕೆ ನ್ಯಾಯ. ಆದರೆ ಹಸಿದವನನ್ನೂ ಹೊಟ್ಟೆ ತುಂಬಿದವನನ್ನೂ ಬೇರ್ಪಡಿಸಿ ನೋಡದ ಅಳತೆ ನ್ಯಾಯವಾಗದು. ಅದೇ ವರ್ಷದ ನವೆಂಬರಿನಲ್ಲಿ ಅಮೆರಿಕದ ಕಥೋಲಿಕ ಧರ್ಮಾಧ್ಯಕ್ಷರು ತಮ್ಮ ದೇಶದ ಕುರಿತು ಹೊರಡಿಸಿದ ಹೇಳಿಕೆಯಲ್ಲಿಯೂ ಬಿಗಿಯಾದ ಕಡ್ಡಾಯ ಶಿಕ್ಷೆಗಳನ್ನೂ, ಮಕ್ಕಳನ್ನು ವಯಸ್ಕರಂತೆ ನಡೆಸಿಕೊಳ್ಳುವುದನ್ನೂ ವಿರೋಧಿಸಿದ್ದರು.

ಸರ್ಕಾರ ಬದಲಾದ ಮೇಲೆ, 2001ರ ಅಕ್ಟೋಬರಿನಲ್ಲಿ, ನಾರ್ದರ್ನ್ ಟೆರಿಟರಿಯ ಆ ಕಾನೂನು ರದ್ದಾಯಿತು. ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. 2016ರಲ್ಲಿ ಡಾನ್ ಡೇಲ್‌ನಲ್ಲಿ ಮಕ್ಕಳನ್ನು ನಡೆಸಿಕೊಂಡ ರೀತಿ ದೂರದರ್ಶನದಲ್ಲಿ ಬಯಲಾಗಿ ರಾಯಲ್ ಕಮಿಷನ್ ತನಿಖೆ ನಡೆಯಿತು. ಮಕ್ಕಳ ಮೇಲೆ ಅಪರಾಧ ಹೊರಿಸಬಹುದಾದ ಕನಿಷ್ಠ ವಯಸ್ಸನ್ನು 2023ರಲ್ಲಿ 10ರಿಂದ 12ಕ್ಕೆ ಏರಿಸಿದ ಅದೇ ನಾಡು 2024ರಲ್ಲಿ ಮತ್ತೆ 10ಕ್ಕೆ ಇಳಿಸಿತು. ಭಯ ಬಂದಾಗ ಕಾನೂನು ಮೊದಲು ಮಕ್ಕಳ ಮೇಲೆಯೇ ಬೀಳುತ್ತದೆ.

ನಮ್ಮ ದೇಶದಲ್ಲೇನು? ಮಗುವಿನ ಬಂಧನ ಕೊನೆಯ ಉಪಾಯವಾಗಿರಬೇಕು, ಆದಷ್ಟು ಕಡಿಮೆ ಅವಧಿಯದ್ದಾಗಿರಬೇಕು ಎನ್ನುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿಕೊಂಡಿದೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರನ್ನು ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರೂ ಇಬ್ಬರು ಸಮಾಜಸೇವಕರೂ ಇರುತ್ತಾರೆ. ಮಗುವಿನ ಮನೆ, ಶಾಲೆ, ಸಹವಾಸದ ಬಗ್ಗೆ ವರದಿ ತರಿಸಿಕೊಂಡು ಆಪ್ತಸಲಹೆ, ಸಮುದಾಯ ಸೇವೆ ಅಥವಾ ಹೆಚ್ಚೆಂದರೆ ಮೂರು ವರ್ಷ ವಿಶೇಷ ಗೃಹವಾಸಕ್ಕೆ ಆದೇಶಿಸಬಹುದು.

ಆದರೆ 16 ದಾಟಿದವರು 'ಹೀನ ಅಪರಾಧ' ಮಾಡಿದ ಆರೋಪವಿದ್ದರೆ, ಮಂಡಳಿಯು ಅವರ ಮಾನಸಿಕ ಸಾಮರ್ಥ್ಯವನ್ನೂ ಕೃತ್ಯದ ಸಂದರ್ಭವನ್ನೂ ಪರಿಶೀಲಿಸಿ, ವಯಸ್ಕರಂತೆ ವಿಚಾರಣೆಗೆ ಕಳುಹಿಸಬಹುದು. ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಹೆಚ್ಚು ಇರುವ ಅಪರಾಧಗಳು ಮಾತ್ರ ಈ ಗುಂಪಿಗೆ ಸೇರುತ್ತವೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಅಂದರೆ ಶಾಸನಸಭೆ ಯಾವುದೋ ಅಪರಾಧಕ್ಕೆ ಕನಿಷ್ಠ ಶಿಕ್ಷೆಯನ್ನು ಏಳು ವರ್ಷಕ್ಕೆ ಏರಿಸಿದರೆ, ಅದು 16ರ ಹುಡುಗನ ಬಾಳನ್ನೂ ತಟ್ಟುತ್ತದೆ. ಕಠಿಣ ಕಾನೂನಿಗೆ ಚಪ್ಪಾಳೆ ತಟ್ಟುವ ಮುನ್ನ ಇದನ್ನು ನೆನಪಿಡೋಣ.

ನಮ್ಮ ವಾಳೆಗಳ ಗುರಿಕಾರರು, ಶಿಕ್ಷಕರು, ಯುವ ಸಂಘಟನೆಗಳ ಮುಖಂಡರು ಒಂದಿಷ್ಟು ಕೆಲಸ ಮಾಡಬಹುದು. ಹುಡುಗ ಸಿಕ್ಕಿಬಿದ್ದನೆಂದು ತಿಳಿದಾಗ ಅವನ ಫೋಟೋ, ಹೆಸರು ಹಂಚಬೇಡಿ, ಅದು ಕಾನೂನಿನಲ್ಲೇ ನಿಷಿದ್ಧ. ತಾಯಿತಂದೆಯರ ಜೊತೆ ಮಂಡಳಿಗೆ ಹೋಗಿ. ವಕೀಲರಿಗೆ ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಉಚಿತ ನೆರವು ಕೇಳಿ. ಕಳಕೊಂಡ ಮನೆಗೂ ಹೋಗಿ ಅವರ ನೋವು ಆಲಿಸಿ, ಏಕೆಂದರೆ ಅವರನ್ನು ಮರೆತ ಕರುಣೆ ಅರ್ಧ ಕರುಣೆ. ಹುಡುಗ ಮರಳಿ ಬಂದಾಗ ಶಾಲೆಯಲ್ಲಿ, ದೇವಾಲಯದಲ್ಲಿ, ಆಟದ ಮೈದಾನದಲ್ಲಿ ಅವನಿಗೆ ಜಾಗವಿರಲಿ.

ತಪ್ಪಿಗೆ ಉತ್ತರ ಕೇಳಬೇಕು, ನಿಜ. ಆದರೆ ಉತ್ತರ ಕೇಳುವವರು ಮೊದಲು ಮಗುವಿನ ಮುಖ ನೋಡಲಿ.